ಹಿಡಿಯುವ ಪಾನಾ, ತಿರುಗಿಸುವ ಪಾನಾ

ನನ್ನ ಟೂಲ್ ಬಾಕ್ಸಿನ ಮೇಲಿನ ಅರೆಯಲ್ಲಿ ಎರಡು ಪಾನಾಗಳಿವೆ. ಒಂದು 17–19, ಇನ್ನೊಂದು 22–24. ಎರಡರ ಮೇಲೂ ಇದ್ದ ಕಂಪನಿಯ ಹೆಸರು ಸವೆದು ನುಣ್ಣಗಾಗಿದೆ. ಮೈಸೂರಿನ ಗ್ಯಾರೇಜು ಬಿಟ್ಟು ಹುಣಸೂರಿಗೆ ಹೊರಟ ದಿನ ಮೇಸ್ತ್ರಿ ಕೊಟ್ಟದ್ದು. ಕೊಡುವಾಗ ಬೆನ್ನು ತಟ್ಟುವುದಾಗಲಿ, ಒಳ್ಳೇದಾಗಲಿ ಅನ್ನುವುದಾಗಲಿ ಏನೂ ಮಾಡಲಿಲ್ಲ. "ಎರಡನ್ನೂ ಒಂದೇ ಕಡೆ ಮಡಿಕೊ. ಒಂದು ಕಳೆದ್ರೆ ಇನ್ನೊಂದು ದಂಡ" ಅಂದರು, ಅಷ್ಟೆ.

ಕಾರಿನ ಎಸಿ ಕೆಲಸ ಮಾಡಿದವರಿಗೆ ಆ ಮಾತು ತಟ್ಟನೆ ಅರ್ಥವಾಗುತ್ತದೆ. ಎಸಿ ಪೈಪು ಅಲ್ಯೂಮಿನಿಯಂನದು. ನೋಡಲು ಬೆರಳು ದಪ್ಪ, ಒಳಗೆ ಪೊಳ್ಳು, ಗೋಡೆ ತೆಳು. ಅದರ ತುದಿಯ ನಟ್ಟನ್ನು ಒಂದೇ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಪೈಪೂ ತಿರುಗಿ, ಹಿಂಡಿದ ಒದ್ದೆ ಬಟ್ಟೆಯಂತೆ ಮುರುಚಿಕೊಳ್ಳುತ್ತದೆ. ಆದ್ದರಿಂದ ಒಂದು ಪಾನಾ ಎದುರುಭಾಗವನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದು ನಟ್ಟನ್ನು ತಿರುಗಿಸಬೇಕು. ಗ್ಯಾರೇಜು ಸೇರಿದ ಮೊದಲ ಆರು ತಿಂಗಳು ಮೇಸ್ತ್ರಿ ನನ್ನ ಕೈಗೆ ಕೊಟ್ಟದ್ದು ಹಿಡಿಯುವ ಪಾನಾ ಮಾತ್ರ. ತಿರುಗಿಸುವುದು ಅವರದೇ.

"ತಿರುಗ್ಸೋಕೆ ಎಲ್ರಿಗೂ ಬತ್ತದೆ ಕಣ್ಲಾ. ಹಿಡಿಯೋದ ಕಲಿ."

ನನಗೆ ಆಗ ಅದು ಅವಮಾನದಂತೆ ಕಾಣುತ್ತಿತ್ತು. ಜೊತೆಗೆ ಸೇರಿದ ಹುಡುಗರು ಬೇರೆ ಗ್ಯಾರೇಜುಗಳಲ್ಲಿ ಇಂಜಿನ್ ಬಿಚ್ಚುತ್ತಿದ್ದರು. ನಾನೊಬ್ಬ ಬಾನೆಟ್ಟಿನ ಒಳಗೆ ಬಗ್ಗಿ ಒಂದು ಕಬ್ಬಿಣದ ತುಂಡನ್ನು ಹಿಡಿದು ನಿಲ್ಲುವವನು.

ಅದು 1995. ನಮ್ಮೂರು ಇರುವುದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಕಡೆ. ಆ ಸೀಮೆಯಲ್ಲಿ ಹುಟ್ಟಿದವನಿಗೆ ಶಾಖ ಎಂದರೆ ಬ್ಯಾರನ್. ಜುಲೈ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಊರುಗಳಲ್ಲಿ ಮನೆಗೊಂದು ಬ್ಯಾರನ್ ಹೊತ್ತಿಕೊಳ್ಳುತ್ತಿತ್ತು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕಿ, ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಸೊಪ್ಪು ಹಳದಿಗೆ ತಿರುಗುವಷ್ಟು ಸಣ್ಣ ಶಾಖ, ಆಮೇಲೆ ಬಣ್ಣ ನಿಲ್ಲುವ ಶಾಖ, ಕಡೆಗೆ ದಂಟಿನ ನೀರನ್ನೆಲ್ಲ ಓಡಿಸುವ 70 ಡಿಗ್ರಿ ಸುಮಾರಿನ ಶಾಖ. ಅವಸರಪಟ್ಟು ಸೌದೆ ತುರುಕಿದರೆ ಸೊಪ್ಪು ಕಪ್ಪಗಾಗಿ ಹರಾಜು ಕಟ್ಟೆಯಲ್ಲಿ ಯಾರೂ ಮೂಸುತ್ತಿರಲಿಲ್ಲ. ಅಪ್ಪ ಗೋಣಿಚೀಲ ಹಾಸಿಕೊಂಡು ಬ್ಯಾರನ್ ಬಾಯಲ್ಲೇ ಮಲಗುತ್ತಿದ್ದ. ಆ ಬಿಸಿಯಿಂದ ತಪ್ಪಿಸಿಕೊಳ್ಳಬೇಕು ಎಂದೇ ನಾನು ತಂಪು ಮಾಡುವ ಕೆಲಸ ಹುಡುಕಿಕೊಂಡು ಮೈಸೂರಿಗೆ ಹೋದದ್ದು. ಎರಡು ಕೆಲಸದಲ್ಲೂ ಶತ್ರು ಒಂದೇ, ನೀರಿನ ಪಸೆ ಎಂಬುದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು.

ಮೇಸ್ತ್ರಿಯ ಗ್ಯಾರೇಜಿಗೆ ಬರುತ್ತಿದ್ದ ಎಸಿ ಕಾರುಗಳು ಕಡಿಮೆ. ಒಂದೆರಡು ಕಾಂಟೆಸ್ಸಾ, ಡಾಕ್ಟರುಗಳ ಮಾರುತಿ, ಆಗಷ್ಟೇ ಬಂದಿದ್ದ ಜೆನ್, ಎಸ್ಟೀಮ್. ಹಳೆಯ ಕಾರುಗಳಲ್ಲಿ ಓಡುತ್ತಿದ್ದದ್ದು ಆರ್-12 ಎಂಬ ಗ್ಯಾಸು. ವಾಸನೆ ಇಲ್ಲ ಅನ್ನಬಹುದು, ಬಣ್ಣ ಇಲ್ಲ, ಹೊತ್ತಿಕೊಳ್ಳುವುದಿಲ್ಲ. ಅಷ್ಟು ಸಾಧು ಎಂದೇ ಎಲ್ಲರೂ ನಂಬಿದ್ದರು. ನಾವು ಗ್ಯಾಸು ಗ್ಯಾಸು ಅನ್ನುತ್ತೇವೆ, ಆದರೆ ಪೈಪಿನೊಳಗೆ ಅದು ಒಂದು ಕಡೆ ಗಾಳಿ, ಒಂದು ಕಡೆ ನೀರಿನಂಥ ದ್ರವ. ದ್ರವ ಕೂಲಿಂಗ್ ಕಾಯಿಲ್‌ನಲ್ಲಿ ಕುದಿದು ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಅದನ್ನು ಅದುಮಿ ಮುಂದಿನ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ, ಡ್ರೈಯರ್ ದಾಟಿ ವಾಪಸು ಬರುತ್ತದೆ. ಎಸಿ ಎಂದರೆ ಇಷ್ಟೇ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರುವ ಕೂಲಿ.

1997ರ ಏಪ್ರಿಲ್. ಯುಗಾದಿ ಕಳೆದ ವಾರ. ಗಿರಾಕಿಯೊಬ್ಬರು ಅವಸರದಲ್ಲಿದ್ದರು, ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಡ್ರೈಯರ್ ಬದಲಿಸಬೇಕಿತ್ತು. ಎರಡು ವರ್ಷ ಮೇಸ್ತ್ರಿಯ ಕಣ್ಣೆದುರೇ ಕೆಲಸ ಮಾಡಿ ನನಗೂ ಕೈ ತುರಿಸುತ್ತಿತ್ತು. ಇಂಜಿನ್ ನಿಂತು ಒಂದು ಗಂಟೆಯಾಗಿದೆ, ಬಾನೆಟ್ ತಣ್ಣಗಿದೆ, ಇನ್ನು ಒಳಗೇನಿರುತ್ತದೆ ಎಂದುಕೊಂಡೆ. ನಿಂತ ಗಾಡಿ ಎಂದರೆ ಮಲಗಿದ ಎತ್ತು ಎಂಬ ಲೆಕ್ಕ ನನ್ನದು. ಗೇಜು ಹಾಕಿ ನೋಡಲಿಲ್ಲ. ಪಾನಾ ಒಂದೇ ಹಾಕಿ, ಎಡಗೈಯಲ್ಲಿ ಪೈಪು ಹಿಡಿದು, ನಟ್ಟನ್ನು ಒಂದು ಸುತ್ತು ಪೂರಾ ಸಡಿಲಿಸಿದೆ.

ಮೊದಲು ಬಂದದ್ದು ಸದ್ದು. ಬಸ್ಸಿನ ಏರ್ ಬ್ರೇಕ್ ಬಿಟ್ಟಂಥ ಸದ್ದು, ಕಿವಿಯ ಪಕ್ಕದಲ್ಲೇ. ಆಮೇಲೆ ಬೆಳ್ಳಗಿನ ಹಬೆ. ಎಡಗೈಯ ತೋರುಬೆರಳಿನ ತುದಿ ಮೇಣದಂತೆ ಬೆಳ್ಳಗಾಗಿತ್ತು. ನೋವೇ ಇರಲಿಲ್ಲ, ಅದೇ ಹೆಚ್ಚು ಹೆದರಿಸಿದ್ದು. ಬೆರಳು ನನ್ನದಲ್ಲ ಅನ್ನಿಸಿತು. ಟೀ ಅಂಗಡಿಯವನು ಓಡಿಬಂದು ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆ ತಂದ. ಇನ್ನೊಬ್ಬ ಬೆರಳನ್ನು ಗಸಗಸ ಉಜ್ಜಲು ಬಂದ. ಅಷ್ಟರಲ್ಲಿ ಮೇಸ್ತ್ರಿ ಬಂದು ಇಬ್ಬರನ್ನೂ ಬೈದು ದೂರ ಸರಿಸಿದರು. ಉಗುರುಬೆಚ್ಚಗಿನ ನೀರು ಮಾಡಿಸಿ ಕೈ ಅದ್ದಿ ಕೂರಿಸಿದರು. "ಉಜ್ಜಬ್ಯಾಡಿ, ಒಳಗೆ ಮಾಂಸ ಗಾಜಾಗದೆ" ಅಂದರು. ಅರ್ಧ ಗಂಟೆಯ ಮೇಲೆ ನೋವು ಬಂತು. ನೋವು ಬಂದದ್ದಕ್ಕೆ ಮೇಸ್ತ್ರಿ ಉಸಿರು ಬಿಟ್ಟರು. ಆಮೇಲೆ ಆಸ್ಪತ್ರೆಗೆ ಕರೆದೊಯ್ದರು. ಸುಟ್ಟರೆ ಬರುವಂಥದೇ ಬೊಬ್ಬೆ ಬಂತು, ಚರ್ಮ ಸುಲಿಯಿತು.

ಆ ರಾತ್ರಿ ಗ್ಯಾರೇಜಿನ ಬೆಂಚಿನ ಮೇಲೆ ಮೇಸ್ತ್ರಿ ಮೊದಲ ಸಲ ಕೂತು ಪಾಠ ಹೇಳಿದರು. ಆರ್-12 ಬಯಲಿಗೆ ಬಂದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೇ ಕುದಿಯುತ್ತದೆ. ಅದಾದ ಮೇಲೆ ಬಂದ ಆರ್-134ಎ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಕುದಿಯಲು ಶಾಖ ಬೇಕು. ಅದನ್ನು ಪಕ್ಕದಲ್ಲಿ ಯಾರಿದ್ದಾರೋ ಅವರಿಂದ ಕಿತ್ತುಕೊಳ್ಳುತ್ತದೆ. ಅವತ್ತು ಪಕ್ಕದಲ್ಲಿದ್ದದ್ದು ನನ್ನ ಬೆರಳು. "ಒಂದು ಗೇಣು ಮ್ಯಾಲೆ ಹೊಡೆದಿದ್ರೆ ಕಣ್ಣು" ಅಂದರು. ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿಕೊಂಡು ಹದಿನೈದು ನಿಮಿಷ ಬರೀ ನೀರು ಬಿಡುತ್ತಲೇ ಇರಬೇಕು, ಆಮೇಲೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ. ಮಾರನೆಯ ದಿನ ಗ್ಯಾರೇಜಿಗೆ ಎರಡು ಕನ್ನಡಕ ಬಂದವು.

ನಿಂತ ಗಾಡಿಯ ಲೆಕ್ಕವನ್ನೂ ಅವತ್ತೇ ತಿದ್ದಿದರು. ಎಸಿ ನಿಂತ ಮೇಲೆ ಎರಡೂ ಕಡೆಯ ಪ್ರೆಷರ್ ಸಮವಾಗುತ್ತದೆಯೇ ಹೊರತು ಹೋಗುವುದಿಲ್ಲ. ಮೈಸೂರಿನ ಬೇಸಿಗೆ ಮಧ್ಯಾಹ್ನ, 32 ಡಿಗ್ರಿ ಬಿಸಿಲಿಗೆ, ನಿಂತ ಗಾಡಿಯ ಪೈಪಿನೊಳಗೆ ಸುಮಾರು 100 ಪೌಂಡ್ ಇರುತ್ತದೆ, ಕಾರಿನ ಟೈರಿಗೆ ಹೊಡೆಸುವ ಗಾಳಿಯ ಮೂರು ಪಟ್ಟಿಗೂ ಮೇಲೆ. ಓಡುವಾಗ ಒತ್ತಡದ ಕಡೆ 200 ದಾಟುತ್ತದೆ. ಇನ್ನೊಂದು ಮೋಸವಿದೆ. ನಿಂತಾಗ ಗೇಜು ತೋರಿಸುವುದು ಬಿಸಿಲನ್ನು, ಗ್ಯಾಸು ಎಷ್ಟಿದೆ ಎಂಬುದನ್ನಲ್ಲ. ಒಳಗೆ ಒಂದು ಚಮಚ ದ್ರವ ಉಳಿದಿದ್ದರೂ ಮುಳ್ಳು ಅಷ್ಟೇ ಎತ್ತರದಲ್ಲಿರುತ್ತದೆ. "ಗ್ಯಾಸು ಖಾಲಿಯಾಗದೆ, ತಂಪೇ ಇಲ್ಲ" ಎಂದು ಗಿರಾಕಿ ಹೇಳಿದ ಗಾಡಿಯೇ ಮುಖಕ್ಕೆ ಹೊಡೆಯುವುದು.

ಅಂದಿನಿಂದ ನನ್ನ ಕೈಗೆ ಒಂದು ಕ್ರಮ ಅಂಟಿಕೊಂಡಿತು. ಮೊದಲು ಗೇಜು. ನೀಲಿ ಹೋಸು ಸಣ್ಣ ಒತ್ತಡದ ಕಡೆಗೆ, ಕೆಂಪು ದೊಡ್ಡ ಒತ್ತಡದ ಕಡೆಗೆ, ನಡುವಿನ ಹಳದಿ ಸಿಲಿಂಡರಿಗೋ ಪಂಪಿಗೋ. 134ಎ ಗಾಡಿಗಳಲ್ಲಿ ಎರಡು ಬಾಯಿಯ ಅಳತೆಯೇ ಬೇರೆ, ಒಂದು 13 ಮಿಲಿಮೀಟರ್, ಇನ್ನೊಂದು 16. ಅದಲುಬದಲಾಗದಿರಲಿ ಎಂದೇ ಹಾಗೆ ಮಾಡಿರುವುದು. ಒಳಗಿನದನ್ನು ಪೂರ್ತಿ ಖಾಲಿ ಮಾಡಿ ಮುಳ್ಳು ಸೊನ್ನೆಗೆ ಬಂದ ಮೇಲೂ ನಟ್ಟನ್ನು ಕಾಲು ಸುತ್ತು ಮಾತ್ರ ಬಿಡುವುದು. ಮೇಲೆ ದಪ್ಪ ಬಟ್ಟೆ, ಮುಖ ಪಕ್ಕಕ್ಕೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಹತ್ತು ಎಣಿಸುವವರೆಗೆ ಕೇಳುತ್ತ ನಿಲ್ಲುವುದು. ಉಸಿರಿನಷ್ಟು ಸದ್ದು ಬಂದರೂ ಮತ್ತೆ ಬಿಗಿದು ಕಾಯುವುದು.

2004ರಲ್ಲಿ ಹುಣಸೂರಿಗೆ ಬಂದು ಬೈಪಾಸಿನ ಹತ್ತಿರ ಶೀಟು ಹೊದಿಸಿದ ಒಂದು ಶೆಡ್ಡು ಹಿಡಿದೆ. ಮೈಸೂರು–ಮಡಿಕೇರಿ ರಸ್ತೆ ಅದು. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಜೀಪುಗಳು, ಕೊಡಗಿನ ಎಸ್ಟೇಟಿನವರ ಗಾಡಿಗಳು, ನಾಗರಹೊಳೆ–ಕಬಿನಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಸುಮೋ, ಕ್ವಾಲಿಸ್‌ಗಳು ಹಾದುಹೋಗುತ್ತಿದ್ದವು. ಹಳ್ಳಿಯವರೂ ಎಸಿ ಕಾರು ಕೊಳ್ಳತೊಡಗಿದ್ದ ಕಾಲ. ಹೊಗೆಸೊಪ್ಪಿಗೆ ರೇಟು ಬಂದ ವರ್ಷ ನನಗೂ ರೇಟು.

ಒಂದು ಸಂಜೆ ಎಚ್.ಡಿ. ಕೋಟೆ ಕಡೆಯಿಂದ ಒಂದು ಟ್ಯಾಕ್ಸಿ ಬಂತು. ಡ್ರೈವರ್ ಹುಡುಗನಿಗೆ ಅಳುವೊಂದು ಬಾಕಿ. ಕಬಿನಿಗೆ ಬೆಂಗಳೂರಿನವರನ್ನು ಬಿಟ್ಟು ಬರುವಾಗ ಅಂತರಸಂತೆ ಹತ್ತಿರ ತಂಪು ನಿಂತಿದೆ. ಬಾನೆಟ್ ಎತ್ತಿ ನೋಡಿದರೆ ಕಂಡೆನ್ಸರಿನ ಬಾಯಲ್ಲಿ ಎಣ್ಣೆಯ ಜಿಡ್ಡು, ಅದರ ಮೇಲೆ ಧೂಳು. ಅದನ್ನು ಗುರುತಿಸಿದ್ದು ಅವನ ಜಾಣತನವೇ. ಗ್ಯಾಸು ಸೋರಿದಲ್ಲಿ ಅದರ ಜೊತೆ ಕಂಪ್ರೆಸರಿನ ಎಣ್ಣೆಯೂ ಬರುತ್ತದೆ, ನಮ್ಮ ಕಡೆಯ ಕೆಮ್ಮಣ್ಣು ಅಲ್ಲಿ ಬಂದು ಕೂರುತ್ತದೆ. ಲೀಕು ಹುಡುಕುವವನಿಗೆ ಧೂಳಿನ ಆ ಕಪ್ಪು ಬೊಟ್ಟೇ ಮೊದಲ ಸಾಕ್ಷಿ. ಆದರೆ ಹುಡುಗ ಅಲ್ಲಿಗೆ ನಿಲ್ಲಿಸಲಿಲ್ಲ. ಟೂಲ್ ಕಿಟ್ಟಿನ ಒಂದೇ ಪಾನಾ ಹಾಕಿ, ಅದಕ್ಕೆ ಜಾಕ್ ರಾಡು ಸಿಕ್ಕಿಸಿ, ದಮ್ಮು ಕಟ್ಟಿ ಬಿಗಿದಿದ್ದಾನೆ. ಪೈಪು ಕಂಡೆನ್ಸರಿನ ಬುಡದಲ್ಲಿ ಮುರುಚಿ ಸೀಳಿತ್ತು. ಇಪ್ಪತ್ತು ರೂಪಾಯಿಯ ಓ-ರಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸ ಒಂದು ಕಂಡೆನ್ಸರನ್ನೇ ತಿಂದಿತು.

ಎಸಿ ಜಾಯಿಂಟಿನಲ್ಲಿ ಗ್ಯಾಸನ್ನು ತಡೆಯುವುದು ನಟ್ಟಿನ ಬಿಗಿಯಲ್ಲ, ಒಳಗಿನ ಸಣ್ಣ ರಬ್ಬರ್ ಬಳೆ. ಲೀಕಾದ ಜಾಯಿಂಟನ್ನು ಇನ್ನಷ್ಟು ಬಿಗಿಯುವುದು, ಮಾತು ಕೇಳದ ಮಗುವಿಗೆ ಇನ್ನೊಂದು ಏಟು ಕೊಟ್ಟಂತೆ. ಬಿಚ್ಚಿ, ಹಳೆಯ ಬಳೆ ಬಿಸಾಕಿ, ಬಾಯನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಆ ಗ್ಯಾಸಿಗೆ ಒಗ್ಗುವ ಹೊಸ ಬಳೆಗೆ ಕಂಪ್ರೆಸರ್ ಎಣ್ಣೆ ಸವರಿ ಕೂರಿಸಬೇಕು. ಒಣ ಬಳೆ ಕೂರಿಸುವಾಗಲೇ ತಿರುಚಿ ಕತ್ತರಿಸಿಕೊಳ್ಳುತ್ತದೆ. ಒಮ್ಮೆ ತೆಗೆದ ಬಳೆಯನ್ನು ಮತ್ತೆ ಹಾಕಬಾರದು. ಮೊದಲ ಸುತ್ತುಗಳು ಬೆರಳಲ್ಲೇ, ಥ್ರೆಡ್ಡು ತಾನೇ ದಾರಿ ಹಿಡಿದ ಮೇಲೆ ಪಾನಾ, ಅದೂ ಎರಡು. ಆ ಹುಡುಗನಿಗೆ ಇದನ್ನೆಲ್ಲ ಹೇಳುವಾಗ ನನ್ನ ಬಾಯಿಂದ ಬರುತ್ತಿದ್ದದ್ದು ಮೇಸ್ತ್ರಿಯ ದನಿ. "ತಿರುಗ್ಸೋಕೆ ಎಲ್ರಿಗೂ ಬತ್ತದೆ" ಎಂದು ನಾನೇ ಅಂದುಬಿಟ್ಟೆ.

ಹೇಳುವವನು ತಪ್ಪು ಮಾಡುವುದಿಲ್ಲ ಎಂದಲ್ಲ. ಪಿರಿಯಾಪಟ್ಟಣದ ಒಬ್ಬರ ಗಾಡಿ. ಸ್ಪೇರ್ ಪಾರ್ಟು ಮೈಸೂರಿನಿಂದ ಬರುವುದು ಎರಡು ದಿನ ತಡವಾಯಿತು. ಪೈಪಿನ ಬಾಯಿಗಳಿಗೆ ಮುಚ್ಚಳ ಹಾಕಬೇಕೆಂದು ಗೊತ್ತಿತ್ತು, ಆದರೆ ನಾಳೆ ಬರುತ್ತದಲ್ಲ ಎಂದು ಒಂದು ಬಾಯನ್ನು ಹಾಗೇ ಬಿಟ್ಟೆ. ಪಾರ್ಟು ಬಂತು, ಜೋಡಿಸಿದೆ, ಗ್ಯಾಸು ಹೊಡೆದೆ, ತಂಪೇ ಇಲ್ಲ. ಒಂದು ಕಡೆ ಪ್ರೆಷರ್ ಆಕಾಶಕ್ಕೆ, ಇನ್ನೊಂದು ಕಡೆ ಪಾತಾಳಕ್ಕೆ. ಅರ್ಧ ದಿನ ತಲೆ ಕೆಡಿಸಿಕೊಂಡು ಪೈಪು ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣದು. ತಂತಿ ಹಾಕಿ ಕೆದಕಿದಾಗ ಉದುರಿದ್ದು ಮಣ್ಣು. ಕುಂಬಾರ ಹುಳ ಪೈಪಿನೊಳಗೆ ಅಚ್ಚುಕಟ್ಟಾಗಿ ಗೂಡು ಕಟ್ಟಿತ್ತು. ನನ್ನ ಇಡೀ ಶೆಡ್ಡಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಬೇರೆ ಇರಲಿಲ್ಲ.

ಹುಳ ಕಣ್ಣಿಗೆ ಕಾಣುತ್ತದೆ. ಕಾಣದೆ ಬರುವುದು ಗಾಳಿಯ ಪಸೆ. 134ಎ ಗಾಡಿಯ ಎಣ್ಣೆ ನೀರನ್ನು ಬೆಲ್ಲದಂತೆ ಎಳೆದುಕೊಳ್ಳುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ಹುಣಸೂರಿನಲ್ಲಿ ಅದು ಕೆಟ್ಟಂತೆಯೇ. ಪೈಪಿಗೆ ಸೇರಿದ ನೀರು, ದ್ರವವನ್ನು ಕೂಲಿಂಗ್ ಕಾಯಿಲಿಗೆ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಸೂಜಿತೂತಿನಲ್ಲಿ ಹರಳುಗಟ್ಟಿ ದಾರಿ ಕಟ್ಟುತ್ತದೆ. ಎಣ್ಣೆ–ಗ್ಯಾಸಿನ ಜೊತೆ ಸೇರಿ ಹುಳಿಯಾಗಿ ಒಳಗಿನ ಲೋಹವನ್ನು ತಿನ್ನುತ್ತದೆ. ಅದಕ್ಕೇ ಡ್ರೈಯರ್ ಎಂಬ ಡಬ್ಬಿ, ಅದರೊಳಗೆ ಪಸೆ ಹೀರುವ ಮಣಿಗಳು. ಅದಕ್ಕೇ ಗ್ಯಾಸು ಹೊಡೆಯುವ ಮೊದಲು ಅರ್ಧ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಪಂಪು. ಒಳಗಿನ ಗಾಳಿಯನ್ನು ಎಳೆದುಬಿಟ್ಟರೆ ನೀರು ಬೆಂಕಿಯಿಲ್ಲದೆ, ಶೆಡ್ಡಿನ ತಾಪದಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಅಪ್ಪ ಆರು ದಿನ ಸೌದೆ ಒಡ್ಡಿ ದಂಟಿನಿಂದ ಬಿಡಿಸುತ್ತಿದ್ದ ನೀರನ್ನು ನಾನು ಪಂಪು ಹಾಕಿ ಪೈಪಿನಿಂದ ಬಿಡಿಸುತ್ತಿದ್ದೆ. ಅವಸರ ಮಾಡಿದರೆ ಇಬ್ಬರದೂ ಸರಕು ಕಪ್ಪು.

ಆ ಪಂಪಿನದೇ ಒಂದು ಪೇಚು. ನಾನು ಹೋಗಿದ್ದ ಎಸಿ ತರಬೇತಿಯ ಪುಸ್ತಕದಲ್ಲಿ ವ್ಯಾಕ್ಯೂಮ್ ಮುಳ್ಳು 29.9 ಇಂಚಿಗೆ ಇಳಿಯಬೇಕು ಎಂದು ಅಚ್ಚಾಗಿತ್ತು. ನನ್ನದು 27 ದಾಟುತ್ತಿರಲಿಲ್ಲ. ಪಂಪಿನ ಎಣ್ಣೆ ಬದಲಿಸಿದೆ, ಹೋಸು ಬದಲಿಸಿದೆ, ಕೊನೆಗೆ ಬೇರೆ ಪಂಪನ್ನೇ ಎರವಲು ತಂದೆ. ಅದೇ 27. ತರಬೇತಿಗೆ ಬಂದಿದ್ದ ಮೇಷ್ಟ್ರನ್ನು ಕೇಳಿದರೆ ನಕ್ಕುಬಿಟ್ಟರು. ಪುಸ್ತಕದ ಲೆಕ್ಕ ಸಮುದ್ರದ ದಡದ್ದು. ನಮ್ಮ ಹುಣಸೂರು ಅದಕ್ಕಿಂತ 750 ಮೀಟರಿಗೂ ಎತ್ತರದಲ್ಲಿದೆ, ತಲೆಯ ಮೇಲಿನ ಗಾಳಿಯೇ ಅಷ್ಟು ಕಡಿಮೆ. ಇಲ್ಲದ ಗಾಳಿಯನ್ನು ಪಂಪು ಎಲ್ಲಿಂದ ಎಳೆಯಬೇಕು? ಎಷ್ಟು ಇಳಿಯಿತು ಎಂಬುದಕ್ಕಿಂತ ಪಂಪು ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ಹಿಡಿದು ನಿಂತಿದೆಯೇ ಎಂಬುದನ್ನು ನೋಡು ಅಂದರು. ಅಲ್ಲೂ ಅದೇ ಮಾತು, ಹಿಡಿಯುವುದು.

ಕೆ.ಆರ್. ನಗರದ ಗಾಡಿಯೊಂದು ನನ್ನನ್ನು ಬೇರೆ ರೀತಿ ಹೆದರಿಸಿತು. ಭತ್ತದ ವ್ಯಾಪಾರದವರು, ಚುಂಚನಕಟ್ಟೆ ಕಡೆಯವರು. ಎಲ್ಲೋ ದಾರಿಯಲ್ಲಿ ಅರ್ಧ ರೇಟಿಗೆ ಗ್ಯಾಸು ಹೊಡೆಸಿದ್ದರು. ತಂಪೇನೋ ಚೆನ್ನಾಗಿತ್ತು, ಕಂಪ್ರೆಸರ್ ಮಾತ್ರ ಗೊರಗೊರ ಅನ್ನುತ್ತಿತ್ತು. ಗೇಜು ಹಾಕುವಾಗ ಬಾಯಿಯಿಂದ ಒಂದಿಷ್ಟು ಹೊರಬಂತು ನೋಡಿ, ಅಡುಗೆಮನೆಯ ವಾಸನೆ. ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತಿತ್ತು. ನಾನು ಕೂಗಿದ ಕೂಗಿಗೆ ವೆಲ್ಡರ್ ಹೋಲ್ಡರ್ ಬಿಸಾಕಿದ.

ಯಾರೋ ಅಡುಗೆ ಅನಿಲ ತುಂಬಿದ್ದರು. ಅದು ತಂಪು ಮಾಡುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಮಾಡುತ್ತದೆ. ಆದರೆ ಕಾರಿನ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಮನೆಮಂದಿ ಗಾಜು ಏರಿಸಿಕೊಂಡು ಕೂರುವ ಡಬ್ಬಿಯೊಳಗೆ. ಅಲ್ಲಿ ಲೀಕಾಗಿ, ಒಂದು ಬೀಡಿಯೋ ಸ್ವಿಚ್ಚಿನ ಒಂದು ಕಿಡಿಯೋ ಸಿಕ್ಕರೆ? ಗಾಡಿಯನ್ನು ಕೈಯಲ್ಲೇ ತಳ್ಳಿಕೊಂಡು ಬಯಲಿಗೆ ಒಯ್ದು, ಬ್ಯಾಟರಿ ಬಿಚ್ಚಿ, ಯಾರೂ ಹತ್ತಿರ ಬಾರದಂತೆ ಇಬ್ಬರನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಬಿಟ್ಟು ಖಾಲಿ ಮಾಡಿದೆ. 2011ರಲ್ಲಿ ಹಡಗಿನ ತಂಪು ಕಂಟೇನರುಗಳು ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಸಿಡಿದು ಕೆಲಸಗಾರರು ಸತ್ತ ಸುದ್ದಿಯನ್ನು ತರಬೇತಿಯಲ್ಲಿ ಹೇಳಿದ್ದರು. 134ಎ ಎಂದು ಮಾರಿದ ಕಲಬೆರಕೆ ಗ್ಯಾಸಿನಲ್ಲಿ ಮೀಥೈಲ್ ಕ್ಲೋರೈಡ್ ಇತ್ತಂತೆ. ಅದು ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಗುಲಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗುತ್ತದೆ. ಸಿಲಿಂಡರಿನ ಬಣ್ಣ ನೋಡಿ ನಂಬುವ ಕಾಲ ನನಗೆ ಅಲ್ಲಿಗೆ ಮುಗಿಯಿತು. ಗೊತ್ತಿರುವ ಅಂಗಡಿಯ ಬಿಲ್ಲಿಲ್ಲದ ಸಿಲಿಂಡರ್ ಶೆಡ್ಡಿನೊಳಗೆ ಬರುವುದಿಲ್ಲ.

ಬೆಂಕಿಯ ಮಾತು ಬಂದಾಗ ಮೇಸ್ತ್ರಿಯ ಲೀಕು ದೀಪ ನೆನಪಾಗುತ್ತದೆ. ಒಂದು ಪುಟ್ಟ ಟಾರ್ಚು, ಅದರ ಜ್ವಾಲೆಗೆ ತಾಮ್ರದ ತಗಡು, ಮೂಸುವ ಒಂದು ರಬ್ಬರ್ ನಳಿಕೆ. ನಳಿಕೆಯನ್ನು ಪೈಪಿನುದ್ದಕ್ಕೂ ಸರಿಸುತ್ತ ಹೋದರೆ ಆರ್-12 ಸೋರುವ ಜಾಗದಲ್ಲಿ ಜ್ವಾಲೆ ಹಸಿರಾಗುತ್ತಿತ್ತು. ಎಷ್ಟು ಚೆಂದ ಎಂದು ನಾವು ಹುಡುಗರು ಮುಖ ಹತ್ತಿರ ಒಡ್ಡಿ ನೋಡುತ್ತಿದ್ದೆವು. ಉರಿಗೆ ಸಿಕ್ಕ ಆ ಸಾಧು ಗ್ಯಾಸು ಆಮ್ಲದ ಹೊಗೆಯಾಗುತ್ತದೆ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ಫಾಸ್ಜೀನ್ ಕೂಡ ಅದರಲ್ಲಿ ಚೂರುಪಾರು ಇರುತ್ತದೆ ಎಂದು ಆಮೇಲೆ ತಿಳಿಯಿತು. ಈಗ ಸೋಪಿನ ನೊರೆ ಸಾಕು. ಪೈಪಿಗೆ ನೈಟ್ರೋಜನ್ ಕೊಟ್ಟು ನೊರೆ ಸವರಿದರೆ ಗುಳ್ಳೆ ತಾನೇ ಹೇಳುತ್ತದೆ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆಯಲ್ಲ ಎಂದು ಅದನ್ನು ಕೊಟ್ಟರೆ ಒಳಗಿನ ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ. ಇದೊಂದನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ.

ಇಷ್ಟೆಲ್ಲ ಕಲಿತರೂ ಒಂದು ಕೆಲಸವನ್ನು ನಾನು ಯೋಚಿಸದೆ ಮಾಡುತ್ತಿದ್ದೆ. ಪೈಪು ಬಿಚ್ಚುವ ಮೊದಲು ಹಳೆಯ ಗ್ಯಾಸನ್ನು ಹೋಸಿನಿಂದ ಹೊರಗೆ ಬಿಟ್ಟುಬಿಡುವುದು. ಎಲ್ಲರೂ ಹಾಗೇ ಮಾಡುತ್ತಿದ್ದರು. ಸಣ್ಣ ಕಾರಿನದು ಅರ್ಧ ಕಿಲೋಗೂ ಕಡಿಮೆ, ಎರಡು ನಿಮಿಷದ ಸುಯ್ ಸದ್ದು, ಗಾಳಿಗೆ ಗಾಳಿ.

ಒಂದು ಜುಲೈ. ಆಷಾಢದ ಗಾಳಿ–ಜಡಿಮಳೆಗೆ ಶೆಡ್ಡಿನ ಬಾಗಿಲು ಎಳೆದಿದ್ದೆವು. ನಾನು ಒಂದು ಗಾಡಿಯ ಗ್ಯಾಸು ಬಿಡುತ್ತಿದ್ದೆ. ಅದರಾಚೆ ಗುಂಡಿಯೊಳಗೆ ಹುಡುಗನೊಬ್ಬ ಬೇರೆ ಗಾಡಿಯ ಸೈಲೆನ್ಸರ್ ಬಿಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಸುತ್ತಿಗೆಯ ಸದ್ದು ನಿಂತಿತು. ಕೂಗಿದೆ, ಉತ್ತರವಿಲ್ಲ. ಇಣುಕಿದರೆ ಗೋಡೆಗೆ ಒರಗಿ ಕೂತು ತೂಕಡಿಸುವಂತೆ ತಲೆ ಆಡಿಸುತ್ತಿದ್ದ. ಗುಂಡಿಗೆ ಇಳಿಯುವ ಬದಲು ಬಾಗಿಲು ಒದ್ದು ತೆರೆದು, ಮೇಲಿನಿಂದಲೇ ಇಬ್ಬರು ಅವನ ರಟ್ಟೆ ಹಿಡಿದು ಎಳೆದೆವು. ಹೊರಗೆ ಮಳೆಯಲ್ಲಿ ಮಲಗಿಸಿದ ಮೇಲೆ ಕೆಮ್ಮಿ ಎದ್ದು ಕೂತ. "ತಲೆ ಸುತ್ತು ಬಂದಂಗಾಯ್ತಣ್ಣ" ಅಂದ. ಆಸ್ಪತ್ರೆಯಲ್ಲಿ ಸಂಜೆವರೆಗೆ ಇರಿಸಿಕೊಂಡು ಕಳಿಸಿದರು.

ಈ ಗ್ಯಾಸು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊರಗೆ ಬಿಟ್ಟದ್ದು ಹಾರಿಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹರಿದು ಅಲ್ಲಿರುವ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಗುಂಡಿಗೆ ಇಳಿದದ್ದು ಯಾರ ಕಣ್ಣಿಗೂ ಕಂಡಿರಲಿಲ್ಲ. ಅವತ್ತಿಗೆ ಹೊರಗೆ ಬಿಡುವುದು ನಿಲ್ಲಿಸಿದೆ. ಸಾಲ ಮಾಡಿ ರಿಕವರಿ ಮೆಷಿನ್ ತಂದೆ. ಎಳೆದ ಗ್ಯಾಸನ್ನು ಅದರದೇ ಸಿಲಿಂಡರಿಗೆ ತುಂಬುವುದು, ಅದನ್ನೂ ಮುಕ್ಕಾಲಿಗಿಂತ ಸ್ವಲ್ಪ ಮೇಲೆ, ನೂರಕ್ಕೆ 80ರಲ್ಲಿ ನಿಲ್ಲಿಸುವುದು. ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಪರಿಸರದ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಆ ಹುಡುಗನ ತಲೆ ಆಡುತ್ತಿದ್ದ ಬಗೆ ನಿದ್ದೆಯಲ್ಲಿ ಬರುತ್ತಿತ್ತು, ಅಷ್ಟೇ.

ಆಕಾಶದ ಸುದ್ದಿ ಆಮೇಲೆ ತಲೆಗೆ ಇಳಿದದ್ದು. ಗುಂಡಿಗೆ ಇಳಿಯುವ ಅದೇ ಗ್ಯಾಸು ವರ್ಷಗಟ್ಟಲೆ ಗಾಳಿಯಲ್ಲಿ ಕಲಸಿಕೊಳ್ಳುತ್ತ ಮೇಲೆ ಮೇಲೆ ಏರುತ್ತದೆ. ಆರ್-12ರೊಳಗಿನ ಕ್ಲೋರಿನ್ ಅಲ್ಲಿ ಓಝೋನನ್ನು ಕೆಡಿಸುತ್ತದೆ ಎಂದು ರೋಲೆಂಡ್, ಮೊಲಿನಾ ಎಂಬ ವಿಜ್ಞಾನಿಗಳು 1974ರಲ್ಲೇ ಹೇಳಿದ್ದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಸೇರಿತು, 2000ದಲ್ಲಿ ನಮ್ಮ ಸರ್ಕಾರದ ನಿಯಮ ಬಂತು. ನಾನು ಮೈಸೂರಿನ ಗ್ಯಾರೇಜಿನಲ್ಲಿ ಸುಯ್ ಎಂದು ಬಿಡುತ್ತಿದ್ದ ವರ್ಷಗಳೂ ಅವೇ. ಅದರ ಜಾಗಕ್ಕೆ ಬಂದ 134ಎ ಓಝೋನಿಗೆ ಏನೂ ಮಾಡದು. ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಸಾವಿರದ ಮುನ್ನೂರು ಕಿಲೋಗೂ ಮೇಲೆ. ಅದನ್ನೂ ಹಂತಹಂತವಾಗಿ ಇಳಿಸುವ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ತಂಪು ಮಾಡುವ ಕೆಲಸ ಎಂದು ನಾನು ಓಡಿಬಂದದ್ದು ಯಾವುದಕ್ಕೆ ನೋಡಿ. ಅಪ್ಪನ ಬ್ಯಾರನ್ ಒಂದು ಕೋಣೆಯನ್ನಷ್ಟೇ ಕಾಯಿಸುತ್ತಿತ್ತು.

ಮೇಸ್ತ್ರಿ ಈಗಿಲ್ಲ. ಅವರಿಗೆ ಓಝೋನ್ ಎಂಬ ಪದ ಗೊತ್ತಿತ್ತೋ ಇಲ್ಲವೋ, ನಾನು ಕೇಳಿದ್ದಿಲ್ಲ. ಅವರೂ ಬದುಕಿಡೀ ಹೊರಗೇ ಬಿಟ್ಟವರು. ಆದರೂ ಅವರು ಹೇಳಿದ ಒಂದೇ ಮಾತಿನಲ್ಲಿ ಅದೂ ಸೇರಿಕೊಂಡಿತ್ತೇನೋ ಎಂದು ಮೆಷಿನ್ ಓಡುವಾಗ ಅನ್ನಿಸುತ್ತದೆ. ಬಿಚ್ಚುವವನು ಮೊದಲು ಹಿಡಿದುಕೊಳ್ಳಬೇಕು.

ಗುಂಡಿಯಿಂದ ಎಳೆದ ಹುಡುಗ ಈಗ ಪಿರಿಯಾಪಟ್ಟಣದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಹೋಗುವಾಗ ಅವನಿಗೂ ಒಂದು ಜೊತೆ ಪಾನಾ ಕೊಟ್ಟೆ, ಹೊಸದು. ಹಳೆಯದನ್ನು ಕೊಡಲು ಮನಸ್ಸು ಬರಲಿಲ್ಲ. ಹೊಸ ಹುಡುಗನೊಬ್ಬ ಬಂದಿದ್ದಾನೆ, ಐಟಿಐ ಮುಗಿಸಿದವನು, ಚುರುಕು. ನಾಲ್ಕು ತಿಂಗಳಿಂದ ಹಿಡಿಯುತ್ತಲೇ ಇದ್ದಾನೆ. ಮುಖದಲ್ಲಿ ಅಸಮಾಧಾನ ಕಾಣುತ್ತದೆ. ಇನ್ನೂ ಎರಡು ತಿಂಗಳಿದೆ.

ಧನುರ್ಮಾಸದ ಬೆಳಗಿನಲ್ಲಿ ಲಕ್ಷ್ಮಣತೀರ್ಥದ ಕಡೆಯಿಂದ ಮಂಜು ಬೈಪಾಸಿನವರೆಗೂ ಹಬ್ಬುತ್ತದೆ. ಶೆಟರ್ ಎತ್ತುವ ಮೊದಲೇ ನನ್ನ ಎಡಗೈಯ ತೋರುಬೆರಳಿನ ತುದಿ ಜೋಮು ಹಿಡಿದು ಸಣ್ಣಗೆ ನೋಯತೊಡಗುತ್ತದೆ. ಉಳಿದ ಒಂಬತ್ತಕ್ಕೆ ಚಳಿ ಗೊತ್ತಾಗುವುದು ಆಮೇಲೆ. ಬಾಯಿ ಹಬೆಯಲ್ಲಿ ಅದನ್ನು ಊದಿಕೊಂಡು ಟೂಲ್ ಬಾಕ್ಸ್ ತೆರೆಯುತ್ತೇನೆ. ನಟ್ಟಿನ ಪಾನಾ ಬಲಗೈಯದು. ಎಡಗೈ ಅದಕ್ಕೂ ಮೊದಲೇ, ನಾನು ಹೇಳದೆಯೇ, ಹಿಡಿಯುವ ಪಾನಾ ಎತ್ತಿಕೊಂಡಿರುತ್ತದೆ.